ಕುರಿಗಾಹಿಯ ಕಣ್ಣು

ಆಶಯ: ಯಾವುದೇ ಕಸುಬನ್ನು ಕೈಗೊಳ್ಳುವವರಿಗೆ ಬಂಡವಾಳಕ್ಕಿಂತ ಮೊದಲು ಬೇಕಾದುದು ಆ ಕಸುಬಿನ ತಿಳಿವಳಿಕೆ. ಕುರಿ ಸಾಕಣೆಗೆ ಹೊಸದಾಗಿ ಕೈಹಾಕಿದ ಯುವಕನೊಬ್ಬನು ನಷ್ಟದಿಂದ ಪಾಠ ಕಲಿತ ಬಗೆಯನ್ನೂ, ಹಿರಿಯರ ಅನುಭವ ಮತ್ತು ವಿಜ್ಞಾನ ಒಂದಕ್ಕೊಂದು ಪೂರಕವಾಗುವ ರೀತಿಯನ್ನೂ ಈ ಪಾಠದಲ್ಲಿ ನಿರೂಪಿಸಲಾಗಿದೆ.

ಬುದ್ಧಿ ಸಾಲದವನನ್ನು ‘ಕುರಿ’ ಎಂದು ಹೀಯಾಳಿಸುವ ವಾಡಿಕೆ ಲೋಕದಲ್ಲಿದೆ. ಒಂದು ಹಳ್ಳಕ್ಕೆ ಬಿದ್ದರೆ ಉಳಿದವೂ ಅದರ ಹಿಂದೆಯೇ ಬೀಳುತ್ತವೆಂಬುದು ಈ ನಿಂದೆಗೆ ಆಧಾರ. ಆದರೆ ಕುರಿಯ ಈ ಸ್ವಭಾವಕ್ಕೆ ಹೆಡ್ಡತನವು ಕಾರಣವಲ್ಲ. ಕೋರೆಹಲ್ಲಾಗಲಿ ಪಂಜವಾಗಲಿ ಇಲ್ಲದ ಪ್ರಾಣಿಗೆ ಗುಂಪೇ ರಕ್ಷೆ. ಗುಂಪಿನಿಂದ ಬೇರ್ಪಟ್ಟುದರ ಮೇಲೆ, ಕುಂಟುತ್ತಿರುವುದರ ಮೇಲೆ ತೋಳನ ಕಣ್ಣು ಮೊದಲು ಬೀಳುತ್ತದೆ. ಆದುದರಿಂದ ನೋವನ್ನು ಹೊರಗೆ ತೋರದೆ ಹಿಂಡಿನೊಡನೆ ಹೆಜ್ಜೆ ಹಾಕುವುದು ಕುರಿಯ ಹುಟ್ಟುಗುಣವಾಗಿದೆ. ತೋಳನಿಂದ ಅದನ್ನು ಉಳಿಸಿದ ಈ ಗುಣವೇ ಅದನ್ನು ಸಾಕುವವನಿಗೆ ತೊಡಕಾಗುತ್ತದೆ. ಎಮ್ಮೆಗೆ ಕಾಯಿಲೆಯಾದರೆ ಹಾಲು ಇಳಿಯುತ್ತದೆ. ಎತ್ತಿಗೆ ಕಾಯಿಲೆಯಾದರೆ ನೇಗಿಲು ನಿಲ್ಲುತ್ತದೆ. ಕುರಿಯಾದರೋ ಸಾಯುವ ಹಿಂದಿನ ದಿನವೂ ಹಿಂಡಿನ ನಡುವೆ ತಲೆ ತಗ್ಗಿಸಿ ನಡೆಯುತ್ತಿರಬಹುದು. ಅದನ್ನು ಗುರುತಿಸುವ ಕಣ್ಣು ಇರುವವನೇ ನಿಜವಾದ ಕುರಿಗಾಹಿ.

ಮಾನವನು ಪಳಗಿಸಿದ ಪ್ರಾಣಿಗಳಲ್ಲಿ ಕುರಿಯು ಬಹು ಪ್ರಾಚೀನವಾದುದು. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಆರಂಭವಾದ ಈ ಸಂಬಂಧ ಇಂದಿಗೂ ಮುಂದುವರಿದಿದೆ. ೨೦೧೯ರ ಇಪ್ಪತ್ತನೆಯ ಜಾನುವಾರು ಗಣತಿಯಂತೆ ಭಾರತದಲ್ಲಿದ್ದ ಕುರಿಗಳ ಸಂಖ್ಯೆ ಸುಮಾರು ೭ ಕೋಟಿ ೪೨ ಲಕ್ಷ. ಅವುಗಳಲ್ಲಿ ೧ ಕೋಟಿ ೧೦ ಲಕ್ಷಕ್ಕೂ ಹೆಚ್ಚಿನವು ಕರ್ನಾಟಕದಲ್ಲಿದ್ದವು. ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ತರುವಾಯ ಮೂರನೆಯ ಸ್ಥಾನ ನಮ್ಮ ನಾಡಿನದಾಗಿತ್ತು. ಮಳೆ ಕೈಕೊಟ್ಟು ಬೆಳೆ ಒಣಗಿದ ವರ್ಷವೂ ಹುಲ್ಲುಕಡ್ಡಿಯನ್ನು ಆರಿಸಿ ತಿಂದು ಬದುಕುವ ಕುರಿಯು ಬಯಲುಸೀಮೆಯ ಬಡ ಕುಟುಂಬಕ್ಕೆ ಆಪತ್ಕಾಲದ ಹಣವಾಗಿದೆ.

ನೆಲಕ್ಕೆ ತಕ್ಕಂತೆ ತಳಿಗಳೂ ನಮ್ಮಲ್ಲಿ ಹಲವು. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಹೆಸರನ್ನು ಪಡೆದ ಬಂಡೂರು ಕುರಿಯು ಗಿಡ್ಡ ಕಾಲುಗಳ, ದುಂಡು ಮೈಯ ಪ್ರಾಣಿ; ಮಾಂಸದ ರುಚಿಗೆ ಅದು ಹೆಸರಾಗಿದೆ. ಉತ್ತರದ ಬಯಲಿನ ಡೆಕ್ಕನಿ ತಳಿಯು ಒರಟಾದ ಕಪ್ಪು ಉಣ್ಣೆಯನ್ನು ಕೊಟ್ಟು ಕಂಬಳಿ ನೇಕಾರರನ್ನು ತಲೆತಲಾಂತರದಿಂದ ಸಲಹಿದೆ. ರಾಯಚೂರು, ಕೊಪ್ಪಳಗಳ ಕಡೆಯ ಕೆಂಗುರಿಯು ಮೈಬಣ್ಣದಿಂದಲೇ ಆ ಹೆಸರನ್ನು ಪಡೆದಿದೆ. ಬಳ್ಳಾರಿ, ಚಿತ್ರದುರ್ಗ, ದಾವಣಗೆರೆಗಳ ಸುತ್ತ ಬಳ್ಳಾರಿ ತಳಿಯೂ, ಹಾಸನದ ಸುತ್ತ ಹಾಸನ ತಳಿಯೂ ಕಾಣಸಿಗುತ್ತವೆ. ಯಾವ ತಳಿಯು ಶ್ರೇಷ್ಠವೆಂದು ಕೇಳುವುದಕ್ಕಿಂತ ಯಾವುದು ತನ್ನ ಊರಿನ ಬಿಸಿಲಿಗೂ ಮೇವಿಗೂ ಒಗ್ಗಿದೆಯೆಂದು ಕೇಳುವುದು ಹೊಸಬನಿಗೆ ಕ್ಷೇಮ.

ಚಿತ್ರದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಹೀಗೆ ಹೊಸಬನಾಗಿ ಕುರಿ ಸಾಕಲು ಹೊರಟ ಯುವಕನೊಬ್ಬನಿದ್ದನು. ಹತ್ತನೆಯ ತರಗತಿಯನ್ನು ಮುಗಿಸಿ, ಎರಡು ಎಕರೆ ಖುಷ್ಕಿ ಜಮೀನನ್ನು ನಂಬಿ ಬದುಕಲಾಗದೆ, ಅವನು ಸಾಲ ಮಾಡಿ ಹತ್ತು ಕುರಿಗಳನ್ನು ಕೊಳ್ಳಲು ನಿಶ್ಚಯಿಸಿದನು. ಸಂತೆಗೆ ಹೊರಟು ನಿಂತವನನ್ನು ನೆರೆಮನೆಯ ವೃದ್ಧ ಕುರಿಗಾಹಿಯು ತಡೆದನು.

“ಸಂತೆಗೆ ಯಾಕಪ್ಪಾ ಹೋಗುತ್ತೀಯೆ? ಹತ್ತು ಊರಿನ ಕುರಿ ಅಲ್ಲಿ ಸೇರುತ್ತವೆ. ಹತ್ತು ಊರಿನ ರೋಗವೂ ಸೇರುತ್ತದೆ. ಗುರುತಿರುವ ಹಿಂಡಿನಿಂದ ಕೊಂಡುಕೋ” ಎಂದನು.

ಅಜ್ಜನೇ ಜೊತೆಯಲ್ಲಿ ಬಂದು ಪಕ್ಕದ ಊರಿನ ಹಿಂಡೊಂದರಿಂದ ಕುರಿಗಳನ್ನು ಆರಿಸಿಕೊಟ್ಟನು. ಮೊದಲು ಬಾಯಿ ತೆರೆದು ಹಲ್ಲುಗಳನ್ನು ನೋಡಿದನು. ಕುರಿಯ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿರುವುದಿಲ್ಲ. ಗಟ್ಟಿಯಾದ ವಸಡು ಮಾತ್ರ ಇರುತ್ತದೆ. ಕೆಳದವಡೆಯಲ್ಲಿ ಎಂಟು ಬಾಚಿಹಲ್ಲುಗಳಿರುತ್ತವೆ. ಮರಿಯ ಹಾಲುಹಲ್ಲುಗಳು ನಡುವಿನಿಂದ ಆರಂಭಿಸಿ ಎರಡೆರಡಾಗಿ ಉದುರಿ, ಅಗಲವಾದ ಶಾಶ್ವತ ಹಲ್ಲುಗಳು ಮೂಡುತ್ತವೆ. ಎರಡು ಹಲ್ಲಿನ ಕುರಿಗೆ ಒಂದರಿಂದ ಒಂದೂವರೆ ವರ್ಷ, ನಾಲ್ಕು ಹಲ್ಲಿನದಕ್ಕೆ ಸುಮಾರು ಎರಡು ವರ್ಷ. ಎಂಟೂ ಮೂಡಿ ಬಾಯಿಗೂಡಿದುದಕ್ಕೆ ಸುಮಾರು ನಾಲ್ಕು ವರ್ಷ. ಹಲ್ಲು ಸವೆದು ಮುರಿದ ಕುರಿಯು ಅಗ್ಗವಾಗಿ ದೊರೆತರೂ ಮೇಯಲಾರದು. ಅನಂತರ ಅಜ್ಜನು ಕೆಚ್ಚಲನ್ನು ಮುಟ್ಟಿ ಗಂಟುಗಳಿಲ್ಲವೆಂದು ಖಚಿತಪಡಿಸಿಕೊಂಡನು. ಗೊರಸುಗಳ ನಡುವೆ ಮೂಸಿ ನೋಡಿದನು. ಬಾಲದ ಸುತ್ತ ಸಗಣಿ ಮೆತ್ತಿಲ್ಲವೆಂದು ಗಮನಿಸಿದನು. ಹತ್ತು ಹೆಣ್ಣು ಕುರಿಗಳಿಗೆ ಒಂದು ಟಗರನ್ನು ಬೇರೆ ಹಿಂಡಿನಿಂದ ಕೊಡಿಸಿದನು. ಒಂದೇ ಟಗರನ್ನು ಬಹುಕಾಲ ಉಳಿಸಿಕೊಂಡರೆ ಅದು ತನ್ನ ಮರಿಗಳೊಡನೆಯೇ ಕೂಡಿ ಸಂತತಿ ಬಲಗುಂದುತ್ತದೆ. ಆದುದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕೆಂದೂ ಎಚ್ಚರಿಸಿದನು. ಬೇರೆ ಬೇರೆ ಕಡೆಯಿಂದ ಬಂದ ಕುರಿಗಳನ್ನು ಮೊದಲ ಮೂರು ವಾರ ಊರಿನ ಹಿಂಡುಗಳಿಂದ ದೂರವಿರಿಸಲಾಯಿತು. ಹುದುಗಿದ ರೋಗವಿದ್ದರೆ ಆ ಅವಧಿಯಲ್ಲಿ ಹೊರಬೀಳುವ ಸಂಭವ ಹೆಚ್ಚು.

ವಸತಿಗಾಗಿ ಯುವಕನು ಗೋಡೆಗಳುಳ್ಳ ಕೋಣೆಯನ್ನು ಕಟ್ಟಿಸಬೇಕೆಂದಿದ್ದನು. ಅಜ್ಜನು ಬೇಡವೆಂದನು. ಬೆಳೆದ ಕುರಿಯೊಂದಕ್ಕೆ ಹತ್ತು ಚದರ ಅಡಿಯಷ್ಟು ಜಾಗ, ಮೇಲೊಂದು ಸೂರು, ಸುತ್ತ ಗಾಳಿಯಾಡುವ ತಡಿಕೆ, ನೀರು ನಿಲ್ಲದ ಎತ್ತರದ ನೆಲ ಇವಿಷ್ಟಿದ್ದರೆ ರೊಪ್ಪವು ಸಿದ್ಧವಾಯಿತು. ಉಣ್ಣೆಯ ಹೊದಿಕೆಯುಳ್ಳ ಕುರಿಯು ಚಳಿಯನ್ನು ತಾಳಬಲ್ಲದು. ಆದರೆ ಒದ್ದೆ ನೆಲವನ್ನೂ ಉಸಿರುಗಟ್ಟಿಸುವ ಗಾಳಿಯನ್ನೂ ತಾಳಲಾರದು. ಒದ್ದೆಯಿಂದ ಗೊರಸು ಕೊಳೆಯುತ್ತದೆ. ಕೆಟ್ಟ ಗಾಳಿಯಿಂದ ಶ್ವಾಸಕೋಶ ಕೆಡುತ್ತದೆ.

ಮೇಯಿಸುವ ಕೆಲಸವು ಸುಲಭವೆಂದು ಯುವಕನು ಭಾವಿಸಿದ್ದನು. ಮೊದಲ ದಿನ ಸೂರ್ಯನು ಮೂಡುತ್ತಿದ್ದಂತೆಯೇ ತಡಿಕೆಯನ್ನು ತೆಗೆಯಹೋದಾಗ ಅಜ್ಜನು, “ಇಬ್ಬನಿ ಆರಲಿ ತಾಳಪ್ಪಾ” ಎಂದನು. ಕಾರಣವೇನೆಂದು ಕೇಳಿದರೆ, “ನಮ್ಮ ಹಿರಿಯರು ಹಾಗೆ ಹೇಳುತ್ತಿದ್ದರು” ಎಂಬುದಷ್ಟೇ ಉತ್ತರ. ಆ ಮಾತಿನ ಹಿಂದಿನ ಕಾರಣವನ್ನು ವಿಜ್ಞಾನವು ವಿವರಿಸುತ್ತದೆ. ಕುರಿಯ ಜಠರದಲ್ಲಿ ನೆಲೆಸಿ ರಕ್ತ ಹೀರುವ ಒಂದು ಬಗೆಯ ಹುಳುವಿದೆ. ಅದರ ಹೆಣ್ಣು ದಿನವೊಂದಕ್ಕೆ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಹಿಕ್ಕೆಯೊಡನೆ ನೆಲಕ್ಕೆ ಬಿದ್ದ ಮೊಟ್ಟೆಗಳಿಂದ ಹೊರಬಂದ ಮರಿಹುಳುಗಳು ಹುಲ್ಲಿನ ಮೇಲಿನ ತೇವದ ಪೊರೆಯ ಆಸರೆಯಿಂದ ಎಲೆಯ ಮೇಲಕ್ಕೆ ಏರುತ್ತವೆ. ಇಬ್ಬನಿಯಿರುವಾಗ ಮೇಯುವ ಕುರಿಯು ಹುಲ್ಲಿನೊಡನೆ ಅವುಗಳನ್ನೂ ನುಂಗುತ್ತದೆ. ಬಿಸಿಲೇರಿ ಎಲೆಯು ಒಣಗಿದಾಗ ಈ ಅಪಾಯ ತಗ್ಗುತ್ತದೆ. ಸೂಕ್ಷ್ಮದರ್ಶಕವನ್ನು ಕಾಣದ ಹಿರಿಯರು ತಲೆಮಾರುಗಳ ಅವಲೋಕನದಿಂದಲೇ ಈ ನಿಯಮವನ್ನು ಕಂಡುಕೊಂಡಿದ್ದರು.

ಕುರಿಯ ಹೊಟ್ಟೆಯಲ್ಲಿ ನಾಲ್ಕು ಕೋಶಗಳಿವೆ. ಮೊದಲನೆಯ ದೊಡ್ಡ ಕೋಶದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಒಣಹುಲ್ಲನ್ನು, ತೊಗರಿ, ಹುರುಳಿ, ಶೇಂಗಾಗಳ ಹೊಟ್ಟನ್ನು ಹುದುಗಿಸಿ ಕುರಿಗೆ ಆಹಾರವಾಗಿ ಮಾರ್ಪಡಿಸುವ ಕಾರ್ಯ ಅವುಗಳದು. ಕುರಿಯನ್ನು ಸಾಕುವುದೆಂದರೆ ಈ ಜೀವಿಗಳನ್ನು ಸಾಕುವುದೆಂದೇ ಅರ್ಥ. ಅವು ಹೊಸ ಮೇವಿಗೆ ಒಗ್ಗಿಕೊಳ್ಳಲು ಒಂದೆರಡು ವಾರಗಳೇ ಬೇಕು. ಆದುದರಿಂದ ಮೇವನ್ನು ಹಠಾತ್ತಾಗಿ ಬದಲಾಯಿಸಬಾರದು. ಕಾಳಿನ ರಾಶಿಗೆ ಕುರಿಯನ್ನು ಬಿಡಬಾರದು. ಜೋಳದ ಎಳೆಯ ಚಿಗುರನ್ನಂತೂ ತಿನ್ನಗೊಡಬಾರದು. ಅದರಿಂದ ಹೊಟ್ಟೆಯಲ್ಲಿ ಪ್ರಬಲವಾದ ವಿಷವೊಂದು ಬಿಡುಗಡೆಯಾಗುತ್ತದೆ. ಆರೋಗ್ಯವಂತ ಕುರಿಯ ಎಡಪಕ್ಕೆಯ ಹಿಂದಿನ ಕುಳಿಯ ಮೇಲೆ ಅಂಗೈಯಿಟ್ಟರೆ ನಿಮಿಷಕ್ಕೆ ಒಂದೆರಡು ಬಾರಿ ಒಳಗಿನಿಂದ ಅಲೆಯೊಂದು ಎದ್ದು ಬರುವುದು ಕೈಗೆ ತಿಳಿಯುತ್ತದೆ. ಅಲೆ ನಿಂತಿದ್ದರೆ, ಮಲಗಿದ ಕುರಿಯು ಮೆಲುಕು ಹಾಕದಿದ್ದರೆ ಏನೋ ಕೆಟ್ಟಿದೆಯೆಂದೇ ತಿಳಿಯಬೇಕು.

ಸಂಕ್ರಾಂತಿ ಕಳೆಯುತ್ತಿದ್ದಂತೆ ಕುರಿಗಳು ಮರಿಹಾಕತೊಡಗಿದವು. ಕುರಿಯ ಗರ್ಭಾವಧಿಯು ಸುಮಾರು ಐದು ತಿಂಗಳು. ಮರಿಯು ಎರಡು ಮುಂಗಾಲುಗಳನ್ನು ಚಾಚಿ, ಅವುಗಳ ಮೇಲೆ ಮೂತಿಯಿಟ್ಟು ಹೊರಬರುವುದು ಸಹಜ ಕ್ರಮ. ಅವಸರದಿಂದ ಎಳೆಯುವುದು ಹೊಸಬರು ಮಾಡುವ ತಪ್ಪು. ಮರಿಯು ಬಿದ್ದೊಡನೆ ತಾಯಿಯು ಅದನ್ನು ನೆಕ್ಕುತ್ತದೆ. ಆ ಕೆಲವು ಗಳಿಗೆಗಳಲ್ಲಿ ಮರಿಯ ವಾಸನೆಯು ತಾಯಿಯ ನೆನಪಿನಲ್ಲಿ ಅಚ್ಚೊತ್ತುತ್ತದೆ. ಆ ವಾಸನೆಯಿಲ್ಲದ ಮರಿಗೆ ಅದು ಹಾಲು ಕೊಡುವುದಿಲ್ಲ. ಆದುದರಿಂದ ಆ ಸಮಯದಲ್ಲಿ ಇಬ್ಬರನ್ನೂ ಬೇರ್ಪಡಿಸಬಾರದು. ಕರುಳಬಳ್ಳಿಯ ತುದಿಗೆ ಅಯೋಡಿನ್ ದ್ರಾವಣವನ್ನು ಹಚ್ಚಬೇಕು. ಮೊದಲ ಒಂದೆರಡು ಗಂಟೆಗಳೊಳಗೆ ಗಿಣ್ಣುಹಾಲು ಮರಿಯ ಹೊಟ್ಟೆಯನ್ನು ಸೇರಲೇಬೇಕು. ರೋಗಗಳನ್ನು ಎದುರಿಸುವ ಶಕ್ತಿಯನ್ನು ಮರಿಯು ಹುಟ್ಟುವಾಗಲೇ ಪಡೆದಿರುವುದಿಲ್ಲ. ಗಿಣ್ಣಿನ ಮೂಲಕವೇ ಅದನ್ನು ತಾಯಿಯಿಂದ ಪಡೆಯುತ್ತದೆ. ಒಂದು ದಿನ ಕಳೆದರೆ ಆ ಶಕ್ತಿಯನ್ನು ಹೀರಿಕೊಳ್ಳುವ ಸಾಮರ್ಥ್ಯವೇ ಅದರ ಕರುಳಿನಲ್ಲಿ ಉಳಿಯುವುದಿಲ್ಲ. ಯುವಕನು ರಾತ್ರಿಗಳನ್ನು ರೊಪ್ಪದಲ್ಲಿಯೇ ಕಳೆದನು. ಹತ್ತು ಕುರಿಗಳಿಂದ ಒಂಬತ್ತು ಮರಿಗಳು ಉಳಿದವು.

ಮೇ ತಿಂಗಳು ಬಂದಿತು. ಕರುಳುಬೇನೆಗೆ ಮಳೆಗಾಲಕ್ಕೆ ಮುಂಚೆಯೇ ಲಸಿಕೆ ಹಾಕಿಸಬೇಕೆಂದು ಪಶು ಆಸ್ಪತ್ರೆಯ ವೈದ್ಯರು ತಿಳಿಸಿದ್ದರು. ಆದರೆ ಮರಿಗಳು ಮಿರುಗುತ್ತಿದ್ದವು. ಕಣ್ಣಿಗೆ ಕಾಣುವ ಕಾಯಿಲೆಯೊಂದೂ ಇರಲಿಲ್ಲ. ಇಂದು, ನಾಳೆ ಎನ್ನುತ್ತ ಯುವಕನು ದಿನಗಳನ್ನು ದೂಡಿದನು. ಜೂನ್ ಮೊದಲ ವಾರದಲ್ಲಿ ಒಳ್ಳೆಯ ಮಳೆಯಾಗಿ ಹತ್ತೇ ದಿನಗಳಲ್ಲಿ ಬದುಗಳೆಲ್ಲ ಹಸಿರಾದವು. ಬೇಸಗೆಯುದ್ದಕ್ಕೂ ಒಣಹೊಟ್ಟನ್ನು ತಿಂದಿದ್ದ ಹಿಂಡನ್ನು ಅವನು ಸಂತೋಷದಿಂದ ಆ ಹಸಿರಿಗೆ ಬಿಟ್ಟು ಸಂಜೆಯವರೆಗೂ ಮೇಯಿಸಿದನು. ಮೂರನೆಯ ದಿನ ಬೆಳಿಗ್ಗೆ ತಡಿಕೆಯನ್ನು ತೆಗೆದಾಗ ಎರಡು ಮರಿಗಳು ಕತ್ತನ್ನು ಹಿಂದಕ್ಕೆ ಸೆಟೆದು ಸತ್ತು ಬಿದ್ದಿದ್ದವು. ಅವು ಹಿಂಡಿನಲ್ಲಿಯೇ ಅತ್ಯಂತ ಪುಷ್ಟವಾದ ಮರಿಗಳು. ಅವುಗಳನ್ನು ಮಾರಿ ಸಾಲದ ಮೊದಲ ಕಂತನ್ನು ತೀರಿಸುವ ಲೆಕ್ಕ ಅವನದಾಗಿತ್ತು.

“ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ ಎನ್ನುತ್ತಾರಲ್ಲಾ ಅಜ್ಜಾ? ಬಡಕಲು ಮರಿಗಳು ಉಳಿದು ಕೊಬ್ಬಿದವೇ ಏಕೆ ಸತ್ತವು?” ಎಂದು ಅವನು ಕಣ್ಣೀರು ತುಂಬಿ ಕೇಳಿದನು.

ಆ ಪ್ರಶ್ನೆಗೆ ಉತ್ತರವನ್ನು ಶವಪರೀಕ್ಷೆಗೆ ಬಂದ ವೈದ್ಯರು ಕೊಟ್ಟರು. ಕರುಳುಬೇನೆಯ ಸೂಕ್ಷ್ಮಜೀವಿಯು ಆರೋಗ್ಯವಂತ ಕುರಿಯ ಕರುಳಿನಲ್ಲಿಯೂ ಅಲ್ಪ ಪ್ರಮಾಣದಲ್ಲಿ ಇರಬಹುದು. ಎಳೆಯ ಹುಲ್ಲಾಗಲಿ ಕಾಳಾಗಲಿ ಒಮ್ಮೆಲೇ ಹೇರಳವಾಗಿ ಹೊಟ್ಟೆ ಸೇರಿದಾಗ ಅದು ಅತಿವೇಗದಿಂದ ವೃದ್ಧಿಯಾಗಿ ವಿಷವನ್ನು ಸ್ರವಿಸುತ್ತದೆ. ಆ ವಿಷವು ರಕ್ತದ ಮೂಲಕ ಮಿದುಳನ್ನು ಮುಟ್ಟಿ ಕೆಲವೇ ಗಂಟೆಗಳಲ್ಲಿ ಪ್ರಾಣವನ್ನು ತೆಗೆಯುತ್ತದೆ. ಹೆಚ್ಚು ತಿಂದ ಗಟ್ಟಿಮುಟ್ಟಾದ ಮರಿಯೇ ಮೊದಲು ಬಲಿಯಾಗುತ್ತದೆ. ರೋಗ ಕಾಣಿಸಿಕೊಂಡ ಮೇಲೆ ಚಿಕಿತ್ಸೆಗೆ ಸಮಯವೇ ಉಳಿಯುವುದಿಲ್ಲ. ಮೊದಲೇ ಹಾಕಿಸಿದ ಲಸಿಕೆ, ಮೊದಲ ಮಳೆಯ ಹಸಿರಿನಲ್ಲಿ ಮಿತವಾದ ಮೇವು, ಹೊರಡುವ ಮುನ್ನ ಒಂದಿಷ್ಟು ಒಣಹುಲ್ಲು ಇವೇ ರಕ್ಷಣೆಯ ದಾರಿಗಳು.

ಅಜ್ಜನು ಅವನನ್ನು ಬಯ್ಯಲಿಲ್ಲ. “ನಾನೂ ಹಿಂದೊಮ್ಮೆ ಒಂದೇ ಮಳೆಗಾಲದಲ್ಲಿ ಹೀಗೆ ಕಳೆದುಕೊಂಡವನೇ. ಆಗ ಲಸಿಕೆಯಿರಲಿಲ್ಲ, ದೇವರಿಗೆ ಹರಕೆ ಹೊತ್ತೆವು. ನಿನಗೆ ಲಸಿಕೆಯಿತ್ತು, ನೀನು ಮರೆತೆ. ಇನ್ನು ಮರೆಯಬೇಡ” ಎಂದಷ್ಟೇ ನುಡಿದನು.

ಅಂದೇ ಯುವಕನು ಒಂದು ನೋಟುಪುಸ್ತಕವನ್ನು ತೆರೆದನು. ಪ್ರತಿ ಕುರಿಗೂ ಒಂದು ಪುಟ. ಅದರ ವಯಸ್ಸು, ಮರಿಹಾಕಿದ ದಿನ, ಕೊಟ್ಟ ಔಷಧ, ಹಾಕಿಸಿದ ಲಸಿಕೆ ಎಲ್ಲವನ್ನೂ ಬರೆದಿಟ್ಟನು. ಕರುಳುಬೇನೆಗೆ ವರ್ಷಕ್ಕೊಮ್ಮೆ ಮಳೆಗಾಲದ ಮುನ್ನ, ಹಿರೇಬೇನೆಗೆ ಮೂರು ವರ್ಷಗಳಿಗೊಮ್ಮೆ. ಕುರಿ ಸಿಡುಬು ಮತ್ತು ನುಸಿಗಳು ಹರಡುವ ನೀಲಿನಾಲಿಗೆ ರೋಗಗಳಿಗೆ ವೈದ್ಯರ ಸಲಹೆಯಂತೆ. ಹೀಗೆ ಮುಂದಿನ ಲಸಿಕೆಗಳ ಲೆಕ್ಕವು ಗೋಡೆಯ ಪಂಚಾಂಗದಲ್ಲಿ ಗುರುತಾಯಿತು.

ಪುಸ್ತಕದಿಂದ ಕಲಿಯಲಾಗದ ಇನ್ನೊಂದು ಪಾಠ ಉಳಿದಿತ್ತು. ಅಜ್ಜನು ಪ್ರತಿದಿನ ಬೆಳಿಗ್ಗೆ ತನ್ನ ಹಿಂಡನ್ನು ಹೊರಬಿಡುವಾಗ ಒಬ್ಬೊಬ್ಬರೇ ಹಾಯಬಹುದಾದಷ್ಟು ಮಾತ್ರ ತಡಿಕೆಯನ್ನು ಸರಿಸಿ ಪಕ್ಕದಲ್ಲಿ ಮೌನವಾಗಿ ನಿಲ್ಲುತ್ತಿದ್ದನು. ಯುವಕನು ಅದನ್ನು ಎಣಿಕೆಯೆಂದು ತಿಳಿದಿದ್ದನು. ಅಜ್ಜನು ಎಣಿಸುತ್ತಿರಲಿಲ್ಲ, ನೋಡುತ್ತಿದ್ದನು. ಯಾವುದು ಮೊದಲು ನುಗ್ಗುತ್ತಿತ್ತೋ ಅದು ಇಂದು ಹಿಂದುಳಿಯಿತೆ? ಯಾವುದರ ಕಿವಿ ಜೋತಿದೆ? ಯಾವುದರ ಹಿಕ್ಕೆ ಕಾಳುಕಾಳಾಗಿರದೆ ನೀರಾಗಿದೆ? ಪರರ ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ನೂರು ಮುಖಗಳು ಅವನಿಗೆ ನೂರು ಬೇರೆ ಮುಖಗಳಾಗಿದ್ದವು. ಈ ಪರಿಚಯವು ಒಮ್ಮುಖವಾದುದೂ ಅಲ್ಲ. ಕುರಿಯೊಂದು ಬೇರೆ ಐವತ್ತು ಕುರಿಗಳ ಮುಖಗಳನ್ನು ಎರಡು ವರ್ಷಗಳಿಗೂ ಮೀರಿ ನೆನಪಿಟ್ಟುಕೊಳ್ಳಬಲ್ಲದೆಂದೂ, ಮನುಷ್ಯರ ಮುಖವನ್ನೂ ಗುರುತಿಸಬಲ್ಲದೆಂದೂ ಇಂಗ್ಲೆಂಡಿನ ಬಾಬ್ರಹಾಮ್ ಸಂಸ್ಥೆಯ ವಿಜ್ಞಾನಿಗಳು ೨೦೦೧ರಲ್ಲಿ ತೋರಿಸಿಕೊಟ್ಟರು. ಹೆಡ್ಡನೆಂದು ಜರೆಯಲು ಬಳಸುವ ಹೆಸರಿನ ಪ್ರಾಣಿಯ ನೆನಪಿನ ಶಕ್ತಿಯು ಇಂತಹುದು!

ಯುವಕನೂ ದಿನವೂ ತಡಿಕೆಯ ಬಳಿ ನಿಲ್ಲತೊಡಗಿದನು. ಮಳೆಗಾಲದ ಕೊನೆಯ ಒಂದು ಬೆಳಿಗ್ಗೆ ಎಲ್ಲ ಕುರಿಗಳೂ ಹೊರನಡೆದವು. ಕುಂಟುವುದೊಂದೂ ಇರಲಿಲ್ಲ; ಕೆಮ್ಮುವುದೊಂದೂ ಇರಲಿಲ್ಲ. ಆದರೂ ಹಣೆಯ ಮೇಲೆ ಮಚ್ಚೆಯಿದ್ದ ಕುರಿಯೊಂದು ಎಂದಿನಂತೆ ನುಗ್ಗದೆ ಎರಡು ಹೆಜ್ಜೆ ತಡೆದು ನಡೆದುದು ಅವನ ಗಮನಕ್ಕೆ ಬಂದಿತು. ಅವನು ಅದನ್ನು ಹಿಡಿದು ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲನೆ ಕೆಳಗೆಳೆದು ನೋಡಿದನು. ಕೆಂಪಾಗಿರಬೇಕಾದ ಒಳಪೊರೆಯು ಸುಣ್ಣದಂತೆ ಬಿಳಿಚಿತ್ತು. ರಕ್ತಹೀರುವ ಹುಳುಗಳಿರುವ ಕುರಿಯ ಲಕ್ಷಣವದು. ೧೯೯೦ರ ದಶಕದಲ್ಲಿ ದಕ್ಷಿಣ ಆಫ್ರಿಕದ ಪಶುವೈದ್ಯ ವಿಜ್ಞಾನಿಗಳು ರೆಪ್ಪೆಯ ಬಣ್ಣವನ್ನು ಹೋಲಿಸಿ ನೋಡಲು ಐದು ಛಾಯೆಗಳ ಪಟ್ಟಿಯೊಂದನ್ನು ರೂಪಿಸಿದರು. ಇಡೀ ಹಿಂಡಿಗೆ ಪದೇ ಪದೇ ಔಷಧ ಕುಡಿಸಿದರೆ ಹುಳುಗಳು ಆ ಔಷಧಕ್ಕೆ ಮಣಿಯದಂತಾಗುತ್ತವೆ. ಬಿಳಿಚಿದ ಕುರಿಗಳಿಗೆ ಮಾತ್ರ ಕೊಟ್ಟರೆ ಔಷಧದ ಗುಣವು ಬಹುಕಾಲ ಉಳಿಯುತ್ತದೆ ಎಂಬುದು ಅದರ ತತ್ತ್ವ. ಯುವಕನು ಕುರಿಯನ್ನು ಆಸ್ಪತ್ರೆಗೆ ಕೊಂಡೊಯ್ದನು. ವೈದ್ಯರು ಹಿಕ್ಕೆಯನ್ನು ಪರೀಕ್ಷಿಸಿ, ಕುರಿಯನ್ನು ತೂಗಿ, ತಕ್ಕಷ್ಟು ಔಷಧವನ್ನು ಕುಡಿಸಿದರು. ಕೆಲವು ವಾರಗಳಲ್ಲಿ ರೆಪ್ಪೆಗೆ ಮತ್ತೆ ಕೆಂಪೇರಿತು. ಇನ್ನೊಂದು ವಾರ ತಡವಾಗಿದ್ದರೆ ಅದು ಉಳಿಯುವುದು ಕಷ್ಟವಿತ್ತೆಂದು ವೈದ್ಯರು ಹೇಳಿದ್ದರು.

ವರ್ಷದ ಕೊನೆಗೆ ಯುವಕನು ಲೆಕ್ಕ ಹಾಕಿದನು. ಉಣ್ಣೆಗೆ ಹಿಂದಿನ ಬೆಲೆಯಿಲ್ಲ. ಕತ್ತರಿಸಿದವರ ಕೂಲಿಗೂ ಅದು ಸಾಲಲಿಲ್ಲ. ಟಗರುಮರಿಗಳ ಮಾರಾಟದಿಂದ ಬಂದುದು, ಕೊಯ್ಲಾದ ಹೊಲಗಳಲ್ಲಿ ಊರಿನ ಹಿಂಡುಗಳೊಡನೆ ಮಂದೆ ನಿಲ್ಲಿಸಿದುದಕ್ಕೆ ರೈತರು ಕೊಟ್ಟ ದವಸ ಇವೆರಡೇ ಆದಾಯ. ಸಾಲದ ಕಂತು ತೀರಿತು. ಕೈಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಆದರೆ ರೊಪ್ಪದಲ್ಲಿ ಹತ್ತು ತಾಯಿಕುರಿಗಳೂ, ಅವುಗಳ ನಾಲ್ಕು ಹೆಣ್ಣುಮರಿಗಳೂ ಇದ್ದವು. ಅವುಗಳಲ್ಲಿ ಒಂದೊಂದರ ನಡೆಯೂ ಅವನಿಗೆ ತಿಳಿದಿತ್ತು.

ಕುರಿ ಸಾಕಣೆಯ ಮೊದಲ ವರ್ಷದ ಗಳಿಕೆಯೆಂದರೆ ಈ ತಿಳಿವಳಿಕೆಯೇ. ಲಸಿಕೆಯನ್ನು ವಿಜ್ಞಾನವು ಕೊಡುತ್ತದೆ. ನಿಯಮವನ್ನು ಹಿರಿಯರ ಅನುಭವವು ಕೊಡುತ್ತದೆ. ಆದರೆ ಮಾತನಾಡಲಾರದ, ನೋವನ್ನು ಬಚ್ಚಿಡುವ ಜೀವವೊಂದು ಎರಡು ಹೆಜ್ಜೆ ತಡೆದು ನಡೆದುದನ್ನು ಕಾಣುವ ಕಣ್ಣನ್ನು ಸಾಕುವವನೇ ದಿನದಿನದ ಶ್ರದ್ಧೆಯಿಂದ ಸಂಪಾದಿಸಿಕೊಳ್ಳಬೇಕು.

ಪದಗಳ ಅರ್ಥ

ಖುಷ್ಕಿ – ಮಳೆಯನ್ನೇ ನಂಬಿದ ಬೇಸಾಯದ ಭೂಮಿ
ರೊಪ್ಪ – ಕುರಿಗಳನ್ನು ಕೂಡುವ ಸ್ಥಳ
ತಡಿಕೆ – ಕಡ್ಡಿ, ಬಿದಿರುಗಳಿಂದ ಹೆಣೆದ ಮರೆ
ಹಿಕ್ಕೆ – ಕುರಿ, ಆಡುಗಳ ಸಗಣಿ
ಗಿಣ್ಣು – ಈದೊಡನೆ ಬರುವ ಮೊದಲ ಹಾಲು
ಮಂದೆ ನಿಲ್ಲಿಸು – ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿಗಳನ್ನು ತಂಗಿಸು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಕುರಿಯು ತನ್ನ ನೋವನ್ನು ಏಕೆ ಹೊರಗೆ ತೋರುವುದಿಲ್ಲ?
೨. ಬಾಯಿಗೂಡಿದ ಕುರಿಯ ವಯಸ್ಸು ಸುಮಾರು ಎಷ್ಟು?
೩. ಮರಿಗೆ ಗಿಣ್ಣುಹಾಲನ್ನು ಯಾವಾಗ ಕುಡಿಸಬೇಕು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಇಬ್ಬನಿ ಆರುವ ಮುನ್ನ ಕುರಿಗಳನ್ನು ಮೇಯಲು ಏಕೆ ಬಿಡಬಾರದು?
೨. ಯುವಕನ ಪುಷ್ಟವಾದ ಮರಿಗಳೇ ಸತ್ತುದಕ್ಕೆ ವೈದ್ಯರು ಕೊಟ್ಟ ವಿವರಣೆ ಯಾವುದು?
೩. ಬಿಳಿಚಿದ ಕುರಿಗಳಿಗೆ ಮಾತ್ರ ಹುಳುವಿನ ಔಷಧವನ್ನು ಕೊಡುವುದರಿಂದ ಆಗುವ ಪ್ರಯೋಜನವೇನು?

ಇ) ಸಂದರ್ಭವನ್ನು ಸೂಚಿಸಿ ವಿವರಿಸಿರಿ.
೧. “ಹತ್ತು ಊರಿನ ರೋಗವೂ ಸೇರುತ್ತದೆ.”
೨. “ನಿನಗೆ ಲಸಿಕೆಯಿತ್ತು, ನೀನು ಮರೆತೆ.”

ಈ) ‘ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ’ – ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ. ಪಾಠದ ಘಟನೆಯು ಈ ಗಾದೆಗೆ ವಿರುದ್ಧವಾಗಿದೆಯೇ? ಚರ್ಚಿಸಿರಿ.

ಉ) ಬಿಡಿಸಿ ಸಂಧಿಯನ್ನು ಹೆಸರಿಸಿರಿ: ಮೇಲೊಂದು, ಅಂಗೈಯಿಟ್ಟರೆ, ಬೇರ್ಪಟ್ಟುದರ.